ಹರಳು ಕಟ್ಟದ ಬೇರು

ತುರ್ಗುನ್ ಮೂರನೇ ಮಹಡಿ ಹತ್ತಿ ಬಂದಾಗ ಮುಯಸ್ಸರ್ ಒಂದು ಫ್ಲಾಸ್ಕನ್ನು ಬೈಯುತ್ತಿದ್ದಳು.

“ಏನು ಬೇಕು ನಿನಗೆ, ಬಾಯಿಬಿಟ್ಟು ಹೇಳು. ಐಸಲ್ಲಿ ಇಟ್ಟೆ, ಬೆಚ್ಚಗೆ ಇಟ್ಟೆ, ಗಾಜಿನ ಕಡ್ಡೀಲಿ ಕೆರೆದೆ. ಇನ್ನೇನು, ಜೋಗುಳ ಹಾಡ್ಲಾ?”

ಫ್ಲಾಸ್ಕಿನ ತಳದಲ್ಲಿ ಹದ ತಪ್ಪಿದ ಪಾಕದಂಥ ಕಂದು ಅಂಟು. ಆರು ತಿಂಗಳಿಂದ ಅದು ಹಾಗೇ ಇತ್ತು. ಹರಳು ಕಟ್ಟುತ್ತಿರಲಿಲ್ಲ.

“ಅದರ ಹತ್ರ ಮಾತಾಡೋಕೆ ನಿಮಗೆ ಪುರುಸೊತ್ತಿದೆ,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ. “ನನ್ನ ವಿಷಯ ಬಂದಾಗ ಮಾತ್ರ ಅರ್ಜಿ ಬರೀಬೇಕಾಯ್ತು, ಅಲ್ವಾ?”

ಮುಯಸ್ಸರ್ ತಿರುಗಿ ನೋಡಿದಳು. ಸಸ್ಯ ವಿಭಾಗದ ತುರ್ಗುನ್ ನಾರ್ಮತೋವ್ ನಿಂತಿದ್ದ. ಅವನ ಕೈಯಲ್ಲಿ ಟೈಪು ಮಾಡಿದ ಹಾಳೆ. ಅದರಲ್ಲಿದ್ದ ಸಾಲು ಅವಳದೇ: “ಸಸ್ಯ ವಿಭಾಗ ತಂದುಕೊಟ್ಟ ಬೇರು ತಪ್ಪು ಜಾತಿಯದ್ದಾಗಿರುವ ಸಂಭವವಿದೆ.”

ಇದು ನಡೆದದ್ದು ತಾಷ್ಕೆಂಟಿನಲ್ಲಿ, ಎಂಬತ್ತಮೂರನೇ ಇಸವಿಯ ಮಾರ್ಚ್ ತಿಂಗಳಲ್ಲಿ. ಗಿಡಮೂಲಿಕೆಗಳಿಂದ ಔಷಧ ತೆಗೆಯುವ ಆ ಸಂಸ್ಥೆಯಲ್ಲಿ ಸಸ್ಯಶಾಸ್ತ್ರದವರಿಗೆ ನೆಲಮಾಳಿಗೆ, ರಸಾಯನದವರಿಗೆ ಮೂರನೇ ಮಹಡಿ, ಔಷಧವನ್ನು ಇಲಿಗಳ ಮೇಲೆ ಪರೀಕ್ಷಿಸುವವರಿಗೆ ನಾಲ್ಕನೆಯದು. ಕೆಳಗಿನವರು ಕೊಟ್ಟಿದ್ದನ್ನು ಮೇಲಿನವರು ನಂಬುತ್ತಿರಲಿಲ್ಲ. ಮೇಲಿನವರು ಹೇಳಿದ್ದು ಕೆಳಗಿನವರ ಕಿವಿಗೆ ಬೀಳುತ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಎಲ್ಲರೂ ಒಂದೇ ಕ್ಯಾಂಟೀನಿನಲ್ಲಿ ಪಲಾವ್ ತಿನ್ನುತ್ತಿದ್ದರು, ಬೇರೆ ಬೇರೆ ಮೇಜಿನಲ್ಲಿ.

ಎರಡು ವರ್ಷದ ಹಿಂದೆ ತುರ್ಗುನ್ ಕೋಕ್‌ಸಾಯ್ ಕಣಿವೆಯಿಂದ ಪರ್ಪಿ ಗಿಡದ ಬೇರು ತಂದಿದ್ದ. ಕುದುರೆಯನ್ನೂ ಕೆಡವುವ ವಿಷ ಅದು. ಅದರಿಂದ ಮುಯಸ್ಸರ್ ಸೂಜಿಯಂಥ ಬಿಳಿಯ ಹರಳು ತೆಗೆದಳು. ನಾಲ್ಕನೇ ಮಹಡಿಯಲ್ಲಿ ಲಯ ತಪ್ಪಿ ಓಡುತ್ತಿದ್ದ ಇಲಿಯ ಹೃದಯಕ್ಕೆ ಅದನ್ನು ಚುಚ್ಚಿದರೆ ಒಂದೇ ನಿಮಿಷದಲ್ಲಿ ಬಡಿತ ಹದಕ್ಕೆ ಬಂತು. ಇಪ್ಪತ್ತೆಂಟು ವರ್ಷದ ಹುಡುಗಿಯ ಹೆಸರು ಇಡೀ ಕಟ್ಟಡದ ಬಾಯಲ್ಲಿ. ಪತ್ರಿಕೆಗೆ ಲೇಖನ ಹೋಯಿತು, ಥೀಸಿಸ್ಸಿಗೆ ತಾರೀಕು ಸಿಕ್ಕಿತು. ಮರುವರ್ಷ ಅದೇ ಕಣಿವೆ, ಅದೇ ಮನುಷ್ಯ, ಅದೇ ಬೇರು. ಬಂದದ್ದು ಮಾತ್ರ ಈ ಅಂಟು.

“ತುರ್ಗುನ್ ಅಕಾ, ‘ಸಂಭವವಿದೆ’ ಅಂತ ಬರೆದೆ, ಅಷ್ಟೆ.” ಅಣ್ಣ ಎನ್ನಲು ಅಲ್ಲಿ ಅಕಾ ಎನ್ನುತ್ತಾರೆ.

“ಆ ಸಂಭವಕ್ಕೆ ಈ ವರ್ಷದ ಬೆಟ್ಟ ನನ್ನ ಕೈ ತಪ್ಪಿತು. ಬೇರು ತರೋಕೆ ಲಾರೀಲಿ ಬೇರೆಯವರು ಹೋಗ್ತಾರಂತೆ. ನಾನು ನೆಲಮಾಳಿಗೇಲಿ ಕೂತು ಒಣಗಿದ ಗಿಡಕ್ಕೆ ಲೇಬಲ್ ಅಂಟಿಸ್ಬೇಕಂತೆ.”

ಅವಳಿಗೆ ಇದು ಗೊತ್ತಿರಲಿಲ್ಲ. ಅಯ್ಯೋ ಎಂಬ ಮಾತು ಗಂಟಲಿಗೆ ಬಂತು. ಆರು ತಿಂಗಳ ಸಿಟ್ಟು ಅದನ್ನು ಒಳಗೇ ತಳ್ಳಿತು.

“ನನ್ನ ಕೆಲಸದಲ್ಲಿ ಏನೂ ಬದಲಾಗಿಲ್ಲ. ಮತ್ತೆ ಬದಲಾಗಿದ್ದೇನು, ನೀವೇ ಹೇಳಿ.”

“ಹದಿಮೂರು ವರ್ಷದಿಂದ ಪರ್ಪಿ ಅಗೀತಿದ್ದೀನಿ. ಬಜಾರಿನ ಗದ್ದಲದಲ್ಲಿ ನಮ್ಮಮ್ಮನ ಗುರುತು ತಪ್ಪಿದ್ರೂ ತಪ್ಪಬಹುದು. ಪರ್ಪೀದು ತಪ್ಪಲ್ಲ.”

“ಅಂದ್ರೆ ತಪ್ಪು ನನ್ನದು ಅಂತೀರಾ?”

“ನಾನು ಅರ್ಜಿ ಬರ್ಯೋನಲ್ಲ.”

ಅವನು ಹಾಳೆಯನ್ನು ನೀಟಾಗಿ ಮಡಚಿ ಅವಳ ಮೇಜಿನ ಮೇಲಿಟ್ಟು ಹೋದ. ಟೊಪ್ಪಿಗೆ ಹಾಕಿ ಹಾಕಿ ಅವನ ಹಣೆಯ ಮೇಲರ್ಧ ಬೆಳ್ಳಗಿತ್ತು, ಕೆಳಗರ್ಧ ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಆ ಎರಡು ಬಣ್ಣದ ಗೆರೆಯನ್ನು ತಾನು ಇಷ್ಟು ಹೊತ್ತು ಯಾಕೆ ನೋಡುತ್ತಿದ್ದೆ ಎಂದು ಮುಯಸ್ಸರಳಿಗೇ ಅರ್ಥವಾಗಲಿಲ್ಲ.

“ಹೋದ್ನಾ?” ಪಕ್ಕದ ಕೋಣೆಯಿಂದ ಲ್ಯೂದಾ ತ್ಸೋಯ್ ತಲೆ ಹಾಕಿದಳು. ಅಣುವಿನ ತೂಕ ಹೇಳುವ ಯಂತ್ರ ಅವಳ ಸುಪರ್ದಿಯಲ್ಲಿತ್ತು. ಕೊರಿಯನ್ ಮನೆತನದ ಹುಡುಗಿ, ಬಾಯಿ ಜೋರು. “ಚೆನ್ನಾಗಿ ಕೋಪ ಮಾಡ್ಕೋತಾನೆ ಕಣೆ. ಕಿವಿ ತುದಿ ಕೆಂಪಾಗಿತ್ತು, ನೋಡಿದ್ಯಾ?”

“ನಾನ್ಯಾಕೆ ಅವನ ಕಿವಿ ನೋಡ್ಲಿ?”

“ಹಣೆ ನೋಡಿದ್ಯಲ್ಲ, ಹಾಗೇ ಸ್ವಲ್ಪ ಪಕ್ಕಕ್ಕೆ.”

*

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ನಾಲ್ಕನೇ ದಿನ ಮಾಂಸ ತುಂಬಿದ ಎರಡು ಬಿಸಿ ಸಮ್ಸಾ ಕಾಗದದಲ್ಲಿ ಸುತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಕ್ಷಮೆ ಕೇಳಲೆಂದೇನೂ ಅಲ್ಲ. ಬೇರಿನ ಗುರುತು ಪರೀಕ್ಷಿಸಲು, ಎಂದು ಮೆಟ್ಟಿಲ ಮೇಲೆ ತನಗೆ ತಾನೇ ಹೇಳಿಕೊಂಡಳು.

ಕೆಳಗೆ ನುಸಿಗುಳಿಗೆಯ ವಾಸನೆ. ಸಾಲು ಸಾಲು ಕಪಾಟು. ಕಡ್ಡಿ ಮುರಿದ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು ತುರ್ಗುನ್ ಲೇಬಲ್ ಬರೆಯುತ್ತಿದ್ದ. ಅವಳನ್ನು ಕಂಡವನೇ ಕನ್ನಡಕ ತೆಗೆಯಲು ಹೋದ. ದಾರ ಕಿವಿಗೆ ಸಿಕ್ಕಿ ಬಿಡಿಸಿಕೊಳ್ಳಲು ಅರ್ಧ ನಿಮಿಷವಾಯಿತು. ಅವಳು ನಗಲಿಲ್ಲ. ನಗದಿರಲು ಕೆನ್ನೆಯ ಒಳಭಾಗವನ್ನು ಕಚ್ಚಿಕೊಳ್ಳಬೇಕಾಯಿತು.

“ಸಮ್ಸಾ ಲಂಚಾನಾ?”

“ಎರಡು ತಂದಿದ್ದೀನಿ. ಒಂದು ನನಗೆ.”

“ಹಾಗಾದ್ರೆ ಅರ್ಧ ಲಂಚ.”

ಅವನು ಎರಡು ದೊಡ್ಡ ಹಾಳೆಗಳನ್ನು ತಂದು ಅಕ್ಕಪಕ್ಕ ಹರಡಿದ. ಎಂಬತ್ತೊಂದರ ಪರ್ಪಿ, ಎಂಬತ್ತೆರಡರ ಪರ್ಪಿ. ಒಣಗಿ ಚಪ್ಪಟೆಯಾಗಿದ್ದರೂ ನೀಲಿ ಇನ್ನೂ ಹೋಗಿರಲಿಲ್ಲ. ಎಲೆಯ ಸೀಳು, ಹೂವಿನ ಕುಲಾವಿ, ಬೇರಿನ ಗಂಟು, ಒಂದೊಂದನ್ನೂ ಅವನು ಪೆನ್ಸಿಲ್ ತುದಿಯಿಂದ ತೋರಿಸುತ್ತ ಹೋದ. ಅವಳು ಬಗ್ಗಿ ನೋಡಿದಳು. ಹೆಗಲಿನಿಂದ ಜಡೆ ಜಾರಿ ಹಾಳೆಯ ಮೇಲೆ ಬಿತ್ತು.

ತುರ್ಗುನ್ ಪೆನ್ಸಿಲಿನಿಂದಲೇ ಆ ಜಡೆಯನ್ನು ಮೆಲ್ಲನೆ ಎತ್ತಿ ಹಾಳೆಯಾಚೆ ಇಟ್ಟ. ಬೆರಳು ತಾಗಿಸಲಿಲ್ಲ.

“ಸರ್ಕಾರಿ ಸ್ವತ್ತಿನ ಮೇಲೆ ಬಿದ್ದಿತ್ತು,” ಎಂದ.

ಕತ್ತಿನ ಹಿಂದೆ ಬಿಸಿ ಏರಿದ್ದು ಅವಳಿಗೆ ಗೊತ್ತಾಯಿತು. ಅವಳು ಲೇಬಲ್ ಓದತೊಡಗಿದಳು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಕರಗುವ ಹಿಮ, ಪಡುವಣ ಗಾಳಿ, ಮಧ್ಯಾಹ್ನ ಎರಡು ಗಂಟೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ: ಕುರುಬರ ನಾಯಿ ಕಚ್ಚಿತು, ಎಡಗಾಲು.

“ನಾಯಿ ಕಚ್ಚಿದ್ದನ್ನೂ ಬರೀತಾರಾ?”

“ನಡೆದಿದ್ದು ಎಲ್ಲಾನೂ ಬರೀಬೇಕು. ಯಾವುದು ಮುಖ್ಯ ಅಂತ ಆಗ ಹೇಗೆ ಗೊತ್ತಾಗತ್ತೆ? ಎಲ್ಲಿ, ನಿಮ್ಮ ಪುಸ್ತಕ ತನ್ನಿ. ಮೊದಲ ಸಲ ಹರಳು ಬಂದ ದಿನದ್ದು.”

ಅವಳು ಮೂರು ಮಹಡಿ ಹತ್ತಿ ಇಳಿದು ಪುಸ್ತಕ ತಂದಳು. ಎಂಬತ್ತೊಂದರ ಡಿಸೆಂಬರ್ ಮೂವತ್ತು. “ಕರಗಿಸಿದೆ. ಆಮ್ಲ ಕೆಲವು ಹನಿ. ಹೊಸ ವರ್ಷದ ರಜೆಯ ನಂತರ ಹರಳು.”

“ಯಾವುದರಲ್ಲಿ ಕರಗಿಸಿದ್ರಿ?”

“ಮೆಥನಾಲಲ್ಲಿ. ಯಾವಾಗ್ಲೂ ಮೆಥನಾಲೇ.”

“ಬರೆದಿಲ್ವಲ್ಲ.”

“ಎಲ್ಲರಿಗೂ ಗೊತ್ತಿರೋದನ್ನ ಯಾರು ಬರೀತಾರೆ?”

“ನನಗೆ ಗೊತ್ತಿಲ್ಲ.” ಅವನು ಪುಸ್ತಕ ಮುಚ್ಚಿ ಕೊಟ್ಟ. “ನಾಲ್ಕು ಪದ ಬರೆಯೋಕೆ ಬೇಜಾರು. ಇನ್ನೊಬ್ಬನ ಮೇಲೆ ಒಂದು ಸಾಲು ಬರೆಯೋಕೆ ಮಾತ್ರ ಇಲ್ಲ.”

ಅವಳು ಸಮ್ಸಾ ಅಲ್ಲೇ ಬಿಟ್ಟು ಎದ್ದು ಬಂದಳು. ಅವನ ಮಾತು ನಿಜವಾಗಿತ್ತು, ಅದಕ್ಕೇ ಇಷ್ಟು ಸಿಟ್ಟು.

ಮನೆಗೆ ಹೋಗುವ ಟ್ರಾಮಿನಲ್ಲಿ ನೂಕುನುಗ್ಗಲು. ಯಾರದೋ ಮೂಲಂಗಿ ಕಟ್ಟು ಪಕ್ಕೆಗೆ ಒತ್ತುತ್ತಿತ್ತು. ಪಕ್ಕದ ಹೆಂಗಸು ಉಗುರಿನ ಬಣ್ಣ ಕೆರೆಯುತ್ತ ನಿಂತಿದ್ದಳು. ಮುಯಸ್ಸರ್ ಅದನ್ನೇ ನೋಡುತ್ತಿದ್ದಳು, ಏನೂ ಯೋಚಿಸದೆ. ನಂತರ ಒಮ್ಮೆಲೇ ಎಲ್ಲ ನೆನಪಿಗೆ ಬಂತು. ಆ ಮೂವತ್ತನೇ ತಾರೀಕು ಉಗ್ರಾಣ ಬೀಗ ಹಾಕಿತ್ತು, ಮೆಥನಾಲ್ ಮುಗಿದಿತ್ತು. ಲ್ಯೂದಾ ತನ್ನ ಯಂತ್ರ ಒರೆಸಲು ಇಟ್ಟುಕೊಂಡು, ಅರ್ಧಕ್ಕರ್ಧ ಉಗುರಿನ ಬಣ್ಣ ತೆಗೆಯಲು ಖರ್ಚು ಮಾಡುತ್ತಿದ್ದ ಅಸಿಟೋನ್ ಬಾಟಲಿಯನ್ನೇ ತಾನು ಕದ್ದು ಬಳಸಿದ್ದಳು.

ಮರುದಿನ ಬೆಳಿಗ್ಗೆ ಬಂದವಳೇ ಕಂದು ಅಂಟನ್ನು ಅಸಿಟೋನಿನಲ್ಲಿ ಕರಗಿಸಿ, ಆಮ್ಲದ ಹನಿ ಬಿಟ್ಟು, ಬಾಯಿ ಮುಚ್ಚಿ ಇಟ್ಟಳು. ಈ ಸಲ ಪ್ರತಿಯೊಂದನ್ನೂ ಬರೆದಳು. ಕಿಟಕಿಯ ಹೊರಗೆ ಏಪ್ರಿಕಾಟ್ ಹೂ ಬಿಟ್ಟಿದ್ದನ್ನೂ.

*

ಮೂರನೇ ದಿನ ತುರ್ಗುನ್ ಮೇಲೆ ಬಂದ. ಸಮ್ಸಾ ಕಟ್ಟಿದ್ದ ಕಾಗದ ವಾಪಸು ಕೊಡುವ ನೆಪ. ಎಣ್ಣೆ ಹಿಡಿದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದ.

“ಇದನ್ನ ವಾಪಸು ಕೊಡೋಕೆ ಬಂದ್ರಾ?”

“ನಿಮ್ಮದಲ್ವಾ?”

ಅವನ ಹೆಗಲಾಚೆ, ಕಿಟಕಿಯ ಬಳಿಯ ಫ್ಲಾಸ್ಕಿನಲ್ಲಿ ಏನೋ ಮಿನುಗಿತು. ಹತ್ತಿರ ಹೋದಳು. ಗಾಜಿನ ಗೋಡೆಯಿಂದ ಒಂದು ಸೂಜಿ ಹೊರಟಿತ್ತು. ಅದರ ಪಕ್ಕ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು.

“ಅಕಾ! ಹರಳು!”

ಇಬ್ಬರೂ ಒಂದೇ ಫ್ಲಾಸ್ಕಿಗೆ ಬಗ್ಗಿದರು. ಅವನ ಉಸಿರಿಗೆ ಗಾಜು ಮಬ್ಬಾಯಿತು. ಅವಳು ತೋಳಿನಿಂದ ಒರೆಸಿದಳು. ಮತ್ತೆ ಮಬ್ಬಾಯಿತು, ಈ ಸಲ ಅವಳ ಉಸಿರಿಗೆ. ಅವನ ಕಣ್ಣು ಫ್ಲಾಸ್ಕನ್ನು ಬಿಟ್ಟು ಅವಳ ರೆಪ್ಪೆಯ ಮೇಲೆ ಒಂದು ಕ್ಷಣ ನಿಂತಿತು. ಅದು ಗೊತ್ತಾಗಿಯೂ ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅವನು ನೋಡುವುದನ್ನು ನಿಲ್ಲಿಸಬಹುದಿತ್ತು.

“ಒಂದು ಕೇಳ್ಲಾ?” ಎಂದ ಅವನು. “ಈ ‘ಅಕಾ’ ಅನ್ನೋದನ್ನ ಬಿಡೋಕಾಗತ್ತಾ? ನನಗೆ ಮನೇಲಿ ಮೂವರು ತಂಗಿಯರಿದ್ದಾರೆ. ಸಾಕು.”

“ಮತ್ತೆ ಏನಂತ ಕರೀಲಿ?”

“ಹೆಸರಿಲ್ವಾ ನನಗೆ?”

ಬಾಗಿಲಲ್ಲಿ ಲ್ಯೂದಾ ಕೆಮ್ಮಿದಳು. “ಹರಳು ನೋಡ್ತಿದ್ದೀರೋ, ಕನ್ನಡಿ ನೋಡ್ತಿದ್ದೀರೋ? ಕೊಡಿ ಇತ್ಲಾಗೆ, ತೂಕ ನೋಡೋಣ.”

ಆ ದಿನ ತುರ್ಗುನ್ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ ಸದ್ದು ಮೂರನೇ ಮಹಡಿಗೆ ಕೇಳಿತು.

ಸಂತೋಷಕ್ಕೆ ಸಿಕ್ಕಿದ್ದು ಒಂದು ಮಧ್ಯಾಹ್ನ ಮಾತ್ರ. ಲ್ಯೂದಾ ಎರಡು ಉದ್ದನೆಯ ಕಾಗದ ತಂದು ಮೇಜಿನ ಮೇಲೆ ಹರಡಿದಾಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

“ಇದು ನಿನ್ನ ಅಂಟು. ಇದು ನಿನ್ನ ಹರಳು. ಎರಡೂ ಒಂದೇ ಅಲ್ಲ ಕಣೆ. ಹರಳಿನ ಅಣು ನಲವತ್ತು ಜಾಸ್ತಿ ತೂಗತ್ತೆ.”

“ನಲವತ್ತಾ?”

“ಅಸಿಟೋನ್ ಎಷ್ಟು ತೂಗತ್ತೆ?”

“ಐವತ್ತೆಂಟು.”

“ಅದರಲ್ಲಿ ಒಂದು ನೀರು ಹೋದ್ರೆ? ಹದಿನೆಂಟು?”

ಮುಯಸ್ಸರ್ ಸ್ಟೂಲು ಎಳೆದು ಕೂತಳು. ಲೆಕ್ಕ ಬೆರಳೆಣಿಸುವಷ್ಟು ಸುಲಭವಾಗಿತ್ತು. ಪರ್ಪಿಯ ಅಣುವಿನಲ್ಲಿ ಅಕ್ಕಪಕ್ಕ ಕೈಚಾಚಿ ನಿಂತ ಎರಡು ಕೊಂಡಿಗಳಿದ್ದವು. ಆಮ್ಲ ಸಿಕ್ಕ ಕೂಡಲೇ ಅಸಿಟೋನ್ ಬಂದು, ಒಂದು ನೀರನ್ನು ಹೊರಹಾಕಿ, ಆ ಎರಡು ಕೈಗಳನ್ನೂ ಹಿಡಿದು ಕೂತುಬಿಟ್ಟಿತ್ತು. ಹರಳು ಕಟ್ಟಿದ್ದು ಆ ಹೊಸ ವಸ್ತು. ಬೆಟ್ಟದಲ್ಲಿ ಯಾವ ಗಿಡವೂ ಅದನ್ನು ಮಾಡಿರಲಿಲ್ಲ. ಮಾಡಿದ್ದು ಉಗುರು ಒರೆಸುವ ಬಾಟಲಿ.

“ಅಂಟೇ ನಿಜವಾದ್ದು,” ಎಂದಳು ನಿಧಾನವಾಗಿ. “ಆರು ತಿಂಗಳಿಂದ ಅದನ್ನೇ ಬೈತಿದ್ದೆ.”

“ಬೇರು ಸರಿಯಾಗಿತ್ತು,” ಎಂದಳು ಲ್ಯೂದಾ.

“ಬೇರು ಸರಿಯಾಗಿತ್ತು. ಅವನೂ ಸರಿಯಾಗಿದ್ದ.”

*

ಸಂಸ್ಥೆಯ ಮುಖ್ಯಸ್ಥರಾದ ಪ್ರೊಫೆಸರ್ ಹಮ್ರಾಯೆವರನ್ನು ಎಲ್ಲರೂ ದೊಮ್ಲಾ, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಅವಳಿಗೆ ಮೊದಲ ಫ್ಲಾಸ್ಕು ಹಿಡಿಯಲು ಕಲಿಸಿದವರು. ಕಾಗದಗಳೆರಡನ್ನೂ ಅವರು ಎರಡೆರಡು ಸಲ ನೋಡಿದರು. ನಂತರ ಬಟ್ಟಲಿಗೆ ಹಸಿರು ಚಹಾ ಬಗ್ಗಿಸಿ ಅವಳ ಕಡೆ ತಳ್ಳಿದರು.

“ಲೇಖನ ಅಚ್ಚಾಗಿದೆ ಮಗಳೇ. ನಿಸರ್ಗದಲ್ಲಿ ಸಿಕ್ಕ ಹೊಸ ವಸ್ತು ಅಂತ. ಜೂನಲ್ಲಿ ನಿನ್ನ ಥೀಸಿಸ್. ಬರೋ ವರ್ಷ ನಾನು ನಿವೃತ್ತಿ. ಈ ಅಸಿಟೋನ್ ಕಥೆ ಸ್ವಲ್ಪ ದಿನ ನಿನ್ನ ಮೇಜಿನಲ್ಲೇ ಇರ್ಲಿ.”

“ಎರಡನೇ ಬೇರಲ್ಲಿ ಯಾಕೆ ಬರ್ಲಿಲ್ಲ ಅಂತ ಸಭೇಲಿ ಕೇಳ್ತಾರೆ, ದೊಮ್ಲಾ.”

“ಉತ್ತರ ಆಗ್ಲೇ ಕಡತದಲ್ಲಿದೆ. ಬೇರು ಸರಿ ಇರ್ಲಿಲ್ಲ.”

“ಅದು ಸುಳ್ಳು.”

“ನೀನೇ ಬರೆದಿದ್ದು. ಸಂಭವವಿದೆ ಅಂತ. ಸಂಭವ ಅನ್ನೋದು ಸುಳ್ಳು ಹೇಗಾಗತ್ತೆ?”

ಚಹಾ ಆರಿಹೋಯಿತು. ಅವಳು ಬಟ್ಟಲು ಮುಟ್ಟಲಿಲ್ಲ.

ಆಮೇಲಿನ ಒಂದೂವರೆ ತಿಂಗಳು ಅವಳು ನೆಲಮಾಳಿಗೆಯ ಕಡೆ ಸುಳಿಯಲಿಲ್ಲ. ಹೋಗಿ ಏನು ಹೇಳುವುದು? ಸತ್ಯ ಹೇಳಿದರೆ ಎರಡು ವರ್ಷದ ಕೆಲಸ ಹೋಗುತ್ತದೆ, ಮೇಷ್ಟ್ರ ಮುಖ ಕೆಳಗಾಗುತ್ತದೆ. ಹೇಳದಿದ್ದರೆ ತುರ್ಗುನ್ ಬದುಕಿಡೀ ತಪ್ಪು ಬೇರು ತಂದವನಾಗಿ ಉಳಿಯುತ್ತಾನೆ, ಅದೂ ತನ್ನದೇ ಒಂದು ಸಾಲಿನಿಂದ. ಕ್ಯಾಂಟೀನಿನಲ್ಲಿ ಅವನು ಎದ್ದು ಬಂದರೆ ಅವಳು ತಟ್ಟೆ ಬಿಟ್ಟು ಏಳುತ್ತಿದ್ದಳು.

ಮೇ ತಿಂಗಳ ಒಂದು ಸಂಜೆ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಕೆಳಗೆ ಅವನು ದಾರಿಗಡ್ಡ ನಿಂತ. ನೆಲದ ತುಂಬ ಬಿದ್ದ ಹಣ್ಣು. ಅವನ ಬೂಟಿಗೆ ನೇರಳೆ ಬಣ್ಣ ಮೆತ್ತಿತ್ತು.

“ಹರಳು ಬಂತು, ಕೆಲಸ ಮುಗೀತು, ಅಷ್ಟೇನಾ?”

“ಅಲ್ಲ.”

“ನಾನು ತಪ್ಪು ಮಾಡಿಲ್ಲ ಅಂತ ನಿಮಗೂ ಗೊತ್ತಾಯ್ತಲ್ಲ. ಆ ಅರ್ಜಿ ಮಾತ್ರ ಹಾಗೇ ಇದೆ.”

“ಸೋಮವಾರ ಸಭೆಗೆ ಬನ್ನಿ.”

“ನಂದೇನು ಕೆಲಸ ಅಲ್ಲಿ? ಮಾತಾಡೋದಿದ್ರೆ ಇಲ್ಲೇ ಮಾತಾಡಿ.”

“ಆಗಲ್ಲ ಈಗ.”

“ಯಾಕಾಗಲ್ಲ? ಏನಾಗಿದೆ ನಿನಗೆ?”

‘ನಿನಗೆ’ ಎಂಬ ಮಾತು ಇಬ್ಬರ ಮಧ್ಯೆ ಬಿದ್ದಿತು. ಅವನು ಬೆಚ್ಚಿ ತುಟಿ ಬಿಗಿದ. ಅವಳು ಕಣ್ಣು ತುಂಬಿಕೊಂಡು ಪಕ್ಕದಿಂದ ಸರಿದು ಹೋದಳು. ಟ್ರಾಮಿನಲ್ಲಿ ಕೂತ ಮೇಲೂ ಆ ಏಕವಚನ ಅವಳ ಜೊತೆಗೇ ಇತ್ತು. ಅದನ್ನು ಬಿಟ್ಟುಕೊಡುವಂತಿರಲಿಲ್ಲ, ಇಟ್ಟುಕೊಳ್ಳುವಂತೆಯೂ ಇರಲಿಲ್ಲ.

*

ಸೋಮವಾರ ಸಭಾಂಗಣದಲ್ಲಿ ಮೂವತ್ತು ಜನ. ತುರ್ಗುನ್ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ದೊಮ್ಲಾ ಮೊದಲ ಸಾಲಿನಲ್ಲಿ.

ಮುಯಸ್ಸರ್ ಬರೆದು ತಂದ ಭಾಷಣವನ್ನು ಓದಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಪರ್ಪಿಯ ಅಣುವನ್ನು ಬರೆದಳು. ಪಕ್ಕದಲ್ಲಿ ಅಸಿಟೋನ್ ಬರೆದಳು. ಎರಡನ್ನೂ ಕೂಡಿಸಿ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

“ನಾನು ಪ್ರಕಟಿಸಿದ ವಸ್ತು ಗಿಡದಲ್ಲಿ ಇಲ್ಲ. ಅದನ್ನ ನನಗೇ ಗೊತ್ತಿಲ್ಲದೆ ನಾನೇ ಮಾಡಿದ್ದು. ಪುಸ್ತಕದಲ್ಲಿ ಅಸಿಟೋನ್ ಅಂತ ಬರೆದಿದ್ರೆ ಎರಡು ವರ್ಷದ ಹಿಂದೆನೇ ಗೊತ್ತಾಗ್ತಿತ್ತು. ಬರೀಲಿಲ್ಲ.” ಅವಳು ಕೊನೆಯ ಸಾಲಿನ ಕಡೆ ನೋಡಿದಳು. “ಸಸ್ಯ ವಿಭಾಗದವರು ತಂದಿದ್ದು ಸರಿಯಾದ ಬೇರು. ಎರಡು ಸಲಾನೂ. ತಪ್ಪು ಬೇರು ಅಂತ ನಾನು ಬರೆದೆ. ನಂಬಿ ಬರೆದಿದ್ದಲ್ಲ. ಸಿಟ್ಟಲ್ಲಿ ಬರೆದಿದ್ದು. ಅದನ್ನ ವಾಪಸು ತಗೋತೀನಿ. ತುರ್ಗುನ್ ನಾರ್ಮತೋವ್ ಅವರ ಕ್ಷಮೆ ಕೇಳ್ತೀನಿ, ಎಲ್ಲರ ಮುಂದೆ.”

ಎಲ್ಲರ ಕಣ್ಣು ದೊಮ್ಲಾ ಕಡೆ ಹೋಯಿತು. ಕೊನೆಗೆ ನಾಲ್ಕನೇ ಮಹಡಿಯ ವಯಸ್ಸಾದ ಡಾಕ್ಟರಮ್ಮ ಕನ್ನಡಕ ಏರಿಸಿದರು.

“ನನ್ನ ಇಲಿಗಳಿಗೆ ಅದನ್ನ ಗಿಡ ಮಾಡಿತೋ ಹುಡುಗಿ ಮಾಡಿದಳೋ ಗೊತ್ತಿಲ್ಲಪ್ಪ. ಹೃದಯ ಅಂತೂ ಹದಕ್ಕೆ ಬರ್ತಿದೆ. ಆ ಅಂಟಿಗೆ ಬರಲ್ಲ, ನೋಡಿದ್ದೀನಿ. ಗಿಡಕ್ಕೆ ಆಗದ್ದು ಬಾಟಲಿಗೆ ಯಾಕಾಯ್ತು ಅಂತ ಯಾರಾದ್ರೂ ಹುಡುಕ್ಬೇಕಲ್ಲ?”

ದೊಮ್ಲಾ ಎದ್ದರು. ಅವರ ಮುಖ ಒಂದೇ ಬೆಳಿಗ್ಗೆಯಲ್ಲಿ ಹತ್ತು ವರ್ಷ ಮುದಿಯಾಗಿತ್ತು. “ಲೇಖನಕ್ಕೆ ತಿದ್ದುಪಡಿ ಕಳಿಸೋಣ. ನನ್ನ ಹೆಸರೂ ಅದರಲ್ಲಿ ಇರ್ಲಿ. ಥೀಸಿಸ್ ಈಗಿಲ್ಲ. ಹೊಸದಾಗಿ ಬರೀಬೇಕು, ಎರಡು ವರ್ಷವಾದ್ರೂ ಹಿಡಿಯತ್ತೆ. ನಾರ್ಮತೋವ್ ಮೇಲಿನ ಟಿಪ್ಪಣಿ ರದ್ದು. ಲಾರಿ ಗುರುವಾರ ಹೊರಡತ್ತೆ. ಅವನೇ ಮುಖ್ಯಸ್ಥ.”

ಎಷ್ಟು ದಿನಕ್ಕೆ, ಎಂದು ಯಾರೋ ಕೇಳಿದರು.

“ಎಂದಿನಂತೆ. ನಾಲ್ಕು ತಿಂಗಳು.”

ಮುಯಸ್ಸರ್ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಅವನಿಗೆ ಬೆಟ್ಟ ಕೊಡಿಸಲು ತನ್ನದೆಲ್ಲವನ್ನೂ ಕೊಟ್ಟಿದ್ದಳು. ಆ ಬೆಟ್ಟ ಅವನನ್ನೇ ಕರೆದುಕೊಂಡು ಹೋಗುತ್ತಿತ್ತು.

*

ಮುಂದಿನ ಎರಡು ದಿನ ತುರ್ಗುನ್ ಎಲ್ಲೂ ಸಿಗಲಿಲ್ಲ. ಡೇರೆ, ಸೀಮೆಎಣ್ಣೆ, ಹಿಟ್ಟಿನ ಮೂಟೆ ಎಂದು ಊರೆಲ್ಲ ಅಲೆಯುತ್ತಿದ್ದ. ಅವಳು ನೆಲಮಾಳಿಗೆಗೆ ಹೋದಾಗ ಅವನು ಉಗ್ರಾಣದಲ್ಲಿ. ಉಗ್ರಾಣಕ್ಕೆ ಹೋದಾಗ ಗ್ಯಾರೇಜಿನಲ್ಲಿ. ಅವನೂ ಮೂರನೇ ಮಹಡಿಗೆ ಎರಡು ಸಲ ಬಂದು ಹೋದ ಎಂದು ಲ್ಯೂದಾ ಹೇಳಿದಾಗ ಅವಳಿಗೆ ಅಳುವೇ ಬಂತು.

ಗುರುವಾರ ಬೆಳಿಗ್ಗೆ ಅವಳು ಓಡಿ ಬಂದಾಗ ಲಾರಿಯ ಹಿಂಬದಿ ತುಂಬಿತ್ತು. ಮೂಟೆಗಳ ಮೇಲೆ ಆರು ಜನ ಹತ್ತಿ ಕೂತಿದ್ದರು. ತುರ್ಗುನ್ ಮುಂದಿನ ಬಾಗಿಲಿಗೆ ಕೈ ಹಾಕಿದ್ದ. ಚಾಲಕ ಸೊತೀಬಾಯ್ ಇಂಜಿನ್ ತಿರುಗಿಸಿದ. ಅದು ಕೆಮ್ಮಿ ನಿಂತಿತು.

“ಬೇಗ ಮಾತಾಡ್ಕೊಳ್ಳಿ,” ಎಂದ ಸೊತೀಬಾಯ್. “ಇದು ಯಾವಾಗ ಸ್ಟಾರ್ಟ್ ಆಗತ್ತೋ ನಂಗೂ ಗೊತ್ತಿಲ್ಲ.”

ಮೇಲಿನ ಆರು ತಲೆಗಳೂ ಇವರ ಕಡೆ ತಿರುಗಿದವು. ಒಬ್ಬ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

“ನನಗೆ ಮೊದಲೇ ಹೇಳಬಹುದಿತ್ತು,” ಎಂದ ತುರ್ಗುನ್. ಅವನ ದನಿಯಲ್ಲಿ ಇನ್ನೂ ಸಿಟ್ಟಿತ್ತು. “ಒಂದೂವರೆ ತಿಂಗಳು ನಾನು ಏನೇನು ಅಂದ್ಕೊಂಡೆ ಗೊತ್ತಾ? ಥೀಸಿಸ್ ಹೋಗತ್ತೆ ಅಂತ ಗೊತ್ತಿದ್ರೆ ಬೇಡ ಅಂತಿದ್ದೆ.”

“ಅದಕ್ಕೇ ಹೇಳ್ಲಿಲ್ಲ.”

“ನನಗೋಸ್ಕರ ಮಾಡಿದ್ದಾ?”

“ಅಲ್ಲ. ನಿಜ ಅಂತ ಮಾಡಿದ್ದು.” ಅವಳು ಲಾರಿಯ ಬಾಗಿಲಿಗೆ ಕೈ ಊರಿದಳು. “ನಿಮಗೋಸ್ಕರ ಮಾಡಿದ್ದು ಬೇರೆ ಇದೆ. ಎರಡು ದಿನದಿಂದ ನಿಮ್ಮನ್ನ ಹುಡುಕ್ತಾ ಈ ಊರಿನ ಎಲ್ಲಾ ಗ್ಯಾರೇಜು ಸುತ್ತಿದ್ದೀನಿ. ಬೆಳಿಗ್ಗೆ ಎದ್ರೆ ನಿಮ್ಮ ಆ ಎರಡು ಬಣ್ಣದ ಹಣೆ ಕಣ್ಣ ಮುಂದೆ ಬರತ್ತೆ. ಹಲ್ಲುಜ್ಜೋವಾಗ್ಲೂ ಬರತ್ತೆ. ನನಗೆ ನೀವು ಬೇಕು. ಹೇಳಿಬಿಟ್ಟೆ. ಈಗ ಹೋಗಿ.”

ಮೂಟೆಗಳ ಮೇಲಿನಿಂದ ಯಾರೋ ಶಿಳ್ಳೆ ಹಾಕಿದರು. ಇನ್ಯಾರೋ ಅವನಿಗೆ ಗುದ್ದಿದರು.

ತುರ್ಗುನನ ಕಿವಿಯ ತುದಿ ಕೆಂಪಾಯಿತು. ಅವನು ಟೊಪ್ಪಿಗೆ ತೆಗೆದ, ಮತ್ತೆ ಹಾಕಿದ.

“ನಾಲ್ಕು ತಿಂಗಳು ಕಾಯ್ತೀಯಾ?” ಈ ಸಲ ಏಕವಚನ ಬಾಯಿತಪ್ಪಿ ಬಂದದ್ದಲ್ಲ.

“ಇಲ್ಲ.”

ಅವನ ಮುಖ ಕಳೆಗುಂದಿತು.

“ಕಾದು ಕಾದು ಸಾಕಾಗಿದೆ ನನಗೆ,” ಎಂದಳು ಅವಳು. “ಅಂಟಿಗೆ ಕಾದೆ, ಹರಳಿಗೆ ಕಾದೆ. ಇನ್ನು ಕಾಯಲ್ಲ. ಆಗಸ್ಟಲ್ಲಿ ನನಗೆ ರಜೆ ಇದೆ. ಬಸ್ಸು ಎಲ್ಲೀವರೆಗೆ ಬರತ್ತೆ, ಹೇಳಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ಇಂಜಿನ್ ಗುಡುಗಿತು. ಸೊತೀಬಾಯ್ ಕಿಟಕಿಯಿಂದ ಕೈ ಬೀಸಿ ಕೂಗಿದ, “ಹತ್ತು ಹತ್ತು, ಮತ್ತೆ ನಿಂತ್ರೆ ನಾನು ಜವಾಬ್ದಾರನಲ್ಲ!” ಲಾರಿ ಹೊರಟಿತು. ಗೇಟಿನ ಹತ್ತಿರ ತುರ್ಗುನ್ ಅರ್ಧ ಮೈ ಹೊರಗೆ ಹಾಕಿ ಏನೋ ಕೂಗಿದ. ಸದ್ದಿನಲ್ಲಿ ಊರಿನ ಹೆಸರು ಕೇಳಲಿಲ್ಲ. ಹೊಗೆಯ ನಡುವೆ ನಿಂತು ಮುಯಸ್ಸರ್ ಕಾಲು ನೆಲಕ್ಕೆ ಅಪ್ಪಳಿಸಿದಳು.

ಒಂಬತ್ತು ದಿನದ ಮೇಲೆ ಒಂದು ಪೋಸ್ಟ್‌ಕಾರ್ಡು ಬಂತು. ಬಸ್ಸಿನ ಸಂಖ್ಯೆ, ಇಳಿಯಬೇಕಾದ ಸೇತುವೆ, ಅಲ್ಲಿಂದ ಕಾಲುದಾರಿಯ ಉದ್ದ, ತೊರೆಯ ನೀರಿನ ಆಳ ಎಲ್ಲವೂ ಸಣ್ಣಕ್ಷರದಲ್ಲಿ. ಪ್ರೀತಿಯ ಒಂದು ಪದವೂ ಇಲ್ಲ. ಲ್ಯೂದಾ ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಪ್ರೇಮಪತ್ರಾನಾ, ಭೂಪಟಾನಾ?” ಎಂದಳು. ಮುಯಸ್ಸರ್ ಅದನ್ನು ಕಿತ್ತುಕೊಂಡು ಚೀಲದೊಳಗಿಟ್ಟಳು, ಸಂಜೆಯೇ ತಾನು ಬರುವ ತಾರೀಕು ಬರೆದು ಅಂಚೆಗೆ ಹಾಕಿದಳು.

*

ಆಗಸ್ಟಿನಲ್ಲಿ ಅವಳು ಹೊರಟ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟಿತು. ಮಧ್ಯಾಹ್ನಕ್ಕೆ ತಲುಪಬೇಕಾದವಳು ಸೇತುವೆಯ ಬಳಿ ಇಳಿದಾಗ ಬಿಸಿಲು ವಾಲಿತ್ತು. ಮೈಯೆಲ್ಲ ಧೂಳು. ಚೀಲದಲ್ಲಿದ್ದ ಪೀಚ್ ಹಣ್ಣು ಜಜ್ಜಿಹೋಗಿ ರಸ ಸೋರುತ್ತಿತ್ತು. ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಿಕೊಂಡು ಹೊರಟ ರೇಷ್ಮೆ ಅಂಗಿಯ ಮೇಲೆ ಯಾರದೋ ಕೋಳಿ ಕೂತು ಬಂದಿತ್ತು.

ಸೇತುವೆಯ ಕಟ್ಟೆಯ ಮೇಲೆ ತುರ್ಗುನ್ ಕೂತಿದ್ದ. ಮೂಗಿನ ಚರ್ಮ ಸುಲಿದಿತ್ತು. ಪಕ್ಕದಲ್ಲಿ ಒಂದು ಕತ್ತೆ.

“ಯಾವಾಗಿಂದ ಕೂತಿದ್ದೀರಿ?”

“ಬೆಳಿಗ್ಗೆ ಏಳರಿಂದ.”

“ಬಸ್ಸು ಬರೋದೇ ಮಧ್ಯಾಹ್ನ ಅಲ್ವಾ?”

“ಬೇಗ ಬಂದುಬಿಟ್ರೆ?”

ಅವಳಿಗೆ ದಿನವಿಡೀ ಹೊತ್ತು ತಂದ ಸಿಟ್ಟು ನೆನಪಾಯಿತು. ಬಸ್ಸಿನ ಮೇಲಿನದು, ಕೋಳಿಯ ಮೇಲಿನದು, ವರ್ಷವಿಡೀ ಕೈಗೆ ಸಿಗದೆ ಹೋದ ಎಲ್ಲದರ ಮೇಲಿನದು. ಹೇಳಲೆಂದು ಬಾಯಿ ತೆರೆದಳು. ಅವನು ಕರವಸ್ತ್ರವನ್ನು ತೊರೆಯಲ್ಲಿ ಅದ್ದಿ ಹಿಂಡಿ ಅವಳ ಕೈಗೆ ಕೊಟ್ಟ. ಅವಳು ಮುಖ ಒರೆಸಿಕೊಂಡಳು. ಹಣೆಯ ಮೇಲೆ ಧೂಳು ಉಳಿದಿತ್ತು. ಈ ಸಲ ಅವನು ಪೆನ್ಸಿಲ್ ಹುಡುಕಲಿಲ್ಲ. ಹೆಬ್ಬೆರಳಿನಿಂದಲೇ ಒರೆಸಿದ. ಮಣ್ಣು ಅಗೆದು ಒರಟಾದ ಬೆರಳು, ಹುಬ್ಬಿನ ಮೇಲೆ ನಿಧಾನವಾಗಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ.

ಕತ್ತೆಯ ಮೇಲೆ ಚೀಲ ಹೇರಿ ಇಬ್ಬರೂ ನಡೆದರು. ತಿರುವಿನಲ್ಲಿ ನಿಂತು, ಕತ್ತೆಯ ಹಗ್ಗವನ್ನು ನೋಡುತ್ತ ಕೇಳಿದ:

“ಸೆಪ್ಟೆಂಬರಲ್ಲಿ ನಮ್ಮಮ್ಮ ನಿಮ್ಮ ಮನೆಗೆ ಬರಬಹುದಾ? ಇಬ್ಬರು ಚಿಕ್ಕಮ್ಮಂದಿರನ್ನ ಕರ್ಕೊಂಡು?”

ಮೂವರು ಹೆಂಗಸರು ರೊಟ್ಟಿ ಕಟ್ಟಿಕೊಂಡು ಹೆಣ್ಣಿನ ಮನೆಗೆ ಯಾಕೆ ಬರುತ್ತಾರೆಂದು ತಾಷ್ಕೆಂಟಿನಲ್ಲಿ ಯಾರೂ ಕೇಳುವುದಿಲ್ಲ. ಹೆಣ್ಣಿನ ಅಪ್ಪ ಆ ರೊಟ್ಟಿ ಮುರಿದರೆ ಮದುವೆಗೆ ಒಪ್ಪಿದಂತೆ.

“ಬರೋದಾದ್ರೆ ಬೆಳಿಗ್ಗೆ ಹತ್ತರ ಒಳಗೆ ಬರ್ಲಿ,” ಎಂದಳು ಮುಯಸ್ಸರ್. ದನಿಯನ್ನು ಆದಷ್ಟು ಸಾಧಾರಣವಾಗಿ ಇಟ್ಟುಕೊಂಡಿದ್ದಳು. “ಹತ್ತು ದಾಟಿದ್ರೆ ಅಪ್ಪ ಚಹಾದಂಗಡೀಲಿ ಚದುರಂಗಕ್ಕೆ ಕೂತ್ಬಿಡ್ತಾರೆ. ಮನೆಗೆ ಬೆಂಕಿ ಬಿದ್ರೂ ಏಳಲ್ಲ.”

“ಒಂಬತ್ತಕ್ಕೇ ಕಳಿಸ್ತೀನಿ.”

“ಎಂಟೂವರೆಗೆ ಕಳ್ಸು.”

ಅವನು ತಲೆ ಎತ್ತಿ ನೋಡಿದ. ಅವಳು ಆಗಲೇ ಕತ್ತೆಯ ಹಗ್ಗ ಹಿಡಿದು ಮುಂದೆ ನಡೆದಿದ್ದಳು.

ಸೆಪ್ಟೆಂಬರ್ ಎರಡನೇ ಭಾನುವಾರ ಮೂವರು ಹೆಂಗಸರು ಎಂಟು ಗಂಟೆಗೇ ಬಾಗಿಲು ತಟ್ಟಿದರು. ಮುಯಸ್ಸರಳ ಅಪ್ಪ ಇನ್ನೂ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅರ್ಧ ಗಲ್ಲದ ಮೇಲೆ ಸೋಪಿನ ನೊರೆ ಇಟ್ಟುಕೊಂಡೇ ಬಂದು ಕೂತರು, ಕೇಳಬೇಕಾದ್ದನ್ನೆಲ್ಲ ಕೇಳಿದರು, ಒಳಬಾಗಿಲ ಹಿಂದೆ ನಿಂತಿದ್ದ ಮಗಳ ಕಡೆ ಒಮ್ಮೆ ನೋಡಿದರು, ಆಮೇಲೆ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿದರು. ಆ ದಿನ ಅವರು ಚದುರಂಗಕ್ಕೆ ಹೋಗಲೇ ಇಲ್ಲ.